ಬಿಸಿಲಲ್ಲಿ ಕರಾಟೆ, ಚಳಿಲಿ ಕರಾಟೆ: ಚಿಕ್ಕಮಗಳೂರು ಕಡೆಯೋರು ಟೈಮು, ಜಾಗ, ಬಟ್ಟೆ ಹೆಂಗೆ ಆರಿಸ್ಕೋಬೇಕು

ವರ್ಷಕ್ಕೆ ಎರಡು ಸಲ ನನ್ನ ಫೋನು ಬಿಡುವಿಲ್ದೆ ಹೊಡ್ಕೊಳ್ಳುತ್ತೆ. ಮಾರ್ಚ್ ಕೊನೆಗೆ ಒಂದ್ಸಲ, "ಮಾಸ್ಟ್ರೇ ರಜ ಶುರುವಾಗುತ್ತಲ್ಲ, ಮಗನ್ನ ಸಮ್ಮರ್ ಕ್ಯಾಂಪಿಗೆ ಹಾಕ್ಲಾ ಇಲ್ಲ ಜೂನ್ ತನಕ ಕಾಯ್ಲಾ" ಅಂತ. ಡಿಸೆಂಬರ್‌ನಲ್ಲಿ ಇನ್ನೊಂದ್ಸಲ, "ಈ ಚಳಿಲಿ ಬೆಳಿಗ್ಗೆ ಐದೂವರೆಗೆ ಮಗೂನ ಎಬ್ಬಿಸೋಕೆ ಆಗ್ತಿಲ್ಲ, ಎರಡು ತಿಂಗಳು ಬಿಡಿಸಿಬಿಡ್ಲಾ" ಅಂತ. ಎಲ್ರಿಗೂ ಫೋನಲ್ಲಿ ಅರ್ಧಂಬರ್ಧ ಹೇಳೋ ಬದಲು ಒಂದ್ಸಲ ಕೂತು ಪೂರ್ತಿ ಬರೆದುಬಿಡೋಣ ಅನ್ನಿಸ್ತು. ನಾನು ಹದಿನಾರು ವರ್ಷದಿಂದ ಕರಾಟೆ ಮಾಡ್ತಿದೀನಿ, ಏಳು ವರ್ಷದಿಂದ ಮಕ್ಕಳಿಗೆ ಹೇಳ್ಕೊಡ್ತಿದೀನಿ, ವಾರದ ದಿನ ಚಿಕ್ಕಮಗಳೂರಲ್ಲಿ, ಭಾನುವಾರ ಕಡೂರಲ್ಲಿ, ಹಂಗಾಗಿ ಒಂದೇ ವಾರದಲ್ಲಿ ಎರಡು ಥರದ ಹವಾ ನೋಡ್ತೀನಿ.

ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ನಮ್ಮೂರಿನ ಚಳಿ ಜೊತೆ ಸ್ವಲ್ಪ ಹಠ ಮಾಡಬಹುದು, ಬಿಸಿಲಿನ ಜೊತೆ ಹಠ ಬೇಡ. ಹೆಚ್ಚಿನ ಮನೆಗಳಲ್ಲಿ ಇದು ಉಲ್ಟಾ ಆಗ್ತಿದೆ. ಡಿಸೆಂಬರ್‌ನಲ್ಲಿ ಶೀತ ಆಗುತ್ತೆ ಅಂತ ಕ್ಲಾಸು ಬಿಡಿಸ್ತಾರೆ, ಏಪ್ರಿಲ್‌ನಲ್ಲಿ ರಜ ಇದೆ ಅಂತ ಮಧ್ಯಾಹ್ನ ಹನ್ನೆರಡು ಗಂಟೆವರೆಗೂ ಶೀಟಿನ ಹಾಲಲ್ಲಿ ಬಿಟ್ಟು ಹೋಗ್ತಾರೆ.

ಯಾಕೆ ಹಿಂಗೆ ಹೇಳ್ತೀನಿ ಅಂದ್ರೆ, ಕಿಕ್ಕು ಪಂಚು ಹೊಡೆಯೋವಾಗ ನಮ್ಮ ಮೈ ಒಳಗಿಂದನೇ ಬೆಂಕಿ ಹಾಕ್ಕೊಂಡಂಗೆ ಶಾಖ ಹುಟ್ಟಿಸುತ್ತೆ. ಹೊರಗೆ 12-13 ಡಿಗ್ರಿ ಇದ್ರೆ ಆ ಶಾಖನೇ ನಮಗೆ ಕಂಬಳಿ, ಹದಿನೈದು ನಿಮಿಷ ಆದ್ಮೇಲೆ ಚಳಿ ಅನ್ನೋದೇ ಮರೆತುಹೋಗುತ್ತೆ. ಅದೇ ಹೊರಗೆ 35 ಡಿಗ್ರಿ ಇದ್ರೆ ಒಳಗಿನ ಶಾಖ ಹೋಗೋಕೆ ಇರೋದು ಒಂದೇ ದಾರಿ, ಬೆವರು, ಅದೂ ಬೆವರು ಸುರಿದ್ರೆ ಸಾಲದು, ಅದು ಚರ್ಮದ ಮೇಲೆ ಆರಬೇಕು. ಗಾಳಿ ಇಲ್ಲ, ತೇವ ಜಾಸ್ತಿ ಅಂದ್ರೆ ಆರಲ್ಲ, ಸುಮ್ನೆ ನೆಲಕ್ಕೆ ತೊಟ್ಟಿಕ್ಕುತ್ತೆ ಅಷ್ಟೇ. ಮೈ 37 ಡಿಗ್ರಿಯಿಂದ 40 ದಾಟಿ ತಲೆ ಮಂಕಾಯ್ತು ಅಂದ್ರೆ ಅದು ಹೀಟ್ ಸ್ಟ್ರೋಕು, ಪ್ರಾಣಕ್ಕೇ ಬರುತ್ತೆ. ನಮ್ಮ ಊರಿನ ಚಳಿಲಿ ಒಂದು ಗಂಟೆ ಕ್ಲಾಸಿಗೆ ಆ ಮಟ್ಟದ ಅಪಾಯ ಇಲ್ಲ.

"ಜಪಾನಲ್ಲಿ ಕೊರೆಯೋ ಚಳಿಲೂ ಸುಡೋ ಬಿಸಿಲಲ್ಲೂ ಮಾಡ್ತಾರಲ್ಲ" ಅಂತ ಕೇಳೋರಿದಾರೆ. ನಿಜ, ಮಾಡ್ತಾರೆ. ಚಳಿಗಾಲದ ವಿಶೇಷ ಅಭ್ಯಾಸಕ್ಕೆ ಕಾನ್‌ಗೇಕೊ ಅಂತಾರೆ, ಬೇಸಿಗೆದಕ್ಕೆ ಶೋಚೂಗೇಕೊ ಅಂತಾರೆ. 1882ರಲ್ಲಿ ಜಿಗೊರೊ ಕಾನೊ ಶುರು ಮಾಡಿದ ಜೂಡೊ ಸಂಸ್ಥೆ ಕೊಡೊಕಾನ್‌ನಲ್ಲಿ ಜನವರಿ ಬಂದ್ರೆ ಹತ್ತು ದಿನ ಬೆಳಗಿನ ಜಾವ ಅಭ್ಯಾಸ ನಡೆಯುತ್ತೆ, ಜುಲೈನಲ್ಲಿ ಬೇಸಿಗೆದು. ಆದ್ರೆ ಗಮನಿಸಿ, ಅದು ಲೆಕ್ಕ ಹಾಕಿದ ಹತ್ತು ದಿನ, ವರ್ಷವಿಡೀ ಮೈ ಪಳಗಿಸ್ಕೊಂಡು ಬಂದೋರು ಮಾಡೋದು, ಮೇಲೆ ನೋಡ್ಕೊಳ್ಳೋಕೆ ಹಿರಿಯರು ಇರ್ತಾರೆ. ನಿನ್ನೆ ಬಿಳಿ ಬೆಲ್ಟ್ ಕಟ್ಟಿದ ಒಂಬತ್ತು ವರ್ಷದ ಮಗು ಅಲ್ಲ ಅದು. ಅದೇ ಜಪಾನಲ್ಲಿ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಟಾನ ಸೆಖೆಗೆ ಹೆದರಿ ಉತ್ತರದ ಸಪ್ಪೊರೊಗೆ ಸಾಗಿಸಿದ್ರು, ಪ್ರಪಂಚದ ಬೆಸ್ಟ್ ಓಟಗಾರರಿಗೇ ಬಿಸಿಲು ಬೇಡ ಅಂತ ಅವರೇ ತೀರ್ಮಾನ ಮಾಡಿದ್ಮೇಲೆ ನಮ್ಮ ಮಕ್ಕಳ ಬಗ್ಗೆ ನಾವು ಯೋಚಿಸೋದ್ರಲ್ಲಿ ನಾಚಿಕೆ ಏನಿದೆ.

ಒಂದೇ ಜಿಲ್ಲೆ, ಮೂರು ಹವಾ

ಚಿಕ್ಕಮಗಳೂರು ಟೌನು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ ತುದಿ 1,930 ಮೀಟರ್ ಹತ್ರ. ಸಾವಿರ ಮೀಟರ್ ಮೇಲೆ ಹೋದ್ರೆ ಸುಮಾರು ಆರೂವರೆ ಡಿಗ್ರಿ ಕಮ್ಮಿ ಆಗುತ್ತೆ ಅನ್ನೋದು ಲೆಕ್ಕ, ಅಂದ್ರೆ ಟೌನಿಗೂ ಗಿರಿ ತುದಿಗೂ ಐದು ಡಿಗ್ರಿಯಷ್ಟು ವ್ಯತ್ಯಾಸ, ಅದರ ಮೇಲೆ ಅಲ್ಲಿನ ಗಾಳಿ ಬೇರೆ. ಈ ಕಡೆ ಕಡೂರು ನಲವತ್ತು ಕಿಲೋಮೀಟರ್ ದೂರ ಅಷ್ಟೇ, ಆದ್ರೆ ತಗ್ಗಿನಲ್ಲಿದೆ, ಬಯಲುಸೀಮೆ, ಮಳೆ ಕಮ್ಮಿ, ಏಪ್ರಿಲ್‌ನಲ್ಲಿ ಬಸ್ಸಿಂದ ಇಳಿದ ತಕ್ಷಣ ಮುಖಕ್ಕೆ ಒಲೆ ಮುಂದೆ ನಿಂತಂಗೆ ಹೊಡೆಯುತ್ತೆ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಬಿಸಿಲು ಅಷ್ಟು ಕಾಣಲ್ಲ ಆದ್ರೆ ತೇವ ಜಾಸ್ತಿ. ಹಾಸನದಲ್ಲೂ ಇದೇ ಕತೆ, ಸಕಲೇಶಪುರದೋರ ಲೆಕ್ಕ ಬೇರೆ ಅರಸೀಕೆರೆಯೋರ ಲೆಕ್ಕ ಬೇರೆ. ಹಂಗಾಗಿ "ಅವರ ಕ್ಲಾಸಲ್ಲಿ ಹತ್ತು ಗಂಟೆಗೂ ಮಾಡಿಸ್ತಾರೆ" ಅಂತ ಬೇರೆ ಊರಿಂದು ನೋಡ್ಕೊಂಡು ಟೈಮ್ ಇಡಬೇಡಿ.

ಈ ತೇವದ ವಿಷಯ ಜನಕ್ಕೆ ಗೊತ್ತಾಗಲ್ಲ. ಮೊಬೈಲಲ್ಲಿ ಬರೀ ಡಿಗ್ರಿ ನೋಡ್ತಾರೆ. 32 ಡಿಗ್ರಿ ಇದ್ದು ಗಾಳಿಲಿ ತೇವ 40 ಪರ್ಸೆಂಟ್ ಇದ್ರೆ ಮೈಗೆ 33 ಥರ ಅನ್ಸುತ್ತೆ, ಅದೇ 32 ಡಿಗ್ರಿಗೆ ತೇವ 70 ಪರ್ಸೆಂಟ್ ಇದ್ರೆ 41 ಥರ ಅನ್ಸುತ್ತೆ. ಮೇ ತಿಂಗಳಲ್ಲಿ ಒಂದು ಮಳೆ ಬಿದ್ದು ನಿಂತ ಸಂಜೆ, ಮೂವತ್ತು ಮಕ್ಕಳು ಕಿಟಕಿ ಮುಚ್ಚಿದ ಹಾಲಲ್ಲಿ ಕುಣಿದ್ರೆ ಒಳಗೆ ಹಂಗೇ ಇರುತ್ತೆ, ಹೊರಗೆ ತಂಪು ಅಂತ ಅಪ್ಪ ಅಮ್ಮ ಅಂದ್ಕೊಂಡಿರ್ತಾರೆ.

ಬೇಸಿಗೆ: ಯಾವ ಹೊತ್ತು

ಬೆಳಿಗ್ಗೆ ಆರರಿಂದ ಏಳೂಕಾಲು, ಬೆಳಿಗ್ಗೆ ಹತ್ತೂವರೆ ಮೇಲೆ, ಸಂಜೆ ಆರೂವರೆ ಮೇಲೆ, ನಿಮ್ಮ ಮುಂದೆ ಇರೋದು ಸಾಮಾನ್ಯವಾಗಿ ಈ ಮೂರು. ನನ್ನ ಕೇಳಿದ್ರೆ ಮೊದಲನೇದು ಬಿಟ್ಟು ಬೇರೆ ನೋಡಬೇಡಿ. ರಾತ್ರಿಯಿಡೀ ನೆಲ, ಗೋಡೆ, ಶೀಟು ಎಲ್ಲಾ ತಣ್ಣಗಾಗಿರುತ್ತೆ, ಗಾಳಿನೂ ಇರುತ್ತೆ. ಸಂಜೆ ಅನ್ನೋದು ಕೇಳೋಕೆ ಚೆನ್ನಾಗಿದೆ, ಸೂರ್ಯ ಮುಳುಗಿರ್ತಾನೆ ನಿಜ, ಆದ್ರೆ ಇಡೀ ದಿನ ಕಾದ ಆರ್‌ಸಿಸಿ ತಾರಸಿ ರಾತ್ರಿ ಎಂಟರವರೆಗೂ ಕೆಳಗಿಂದ ಶಾಖ ಉಗುಳ್ತಾನೇ ಇರುತ್ತೆ, ಬರಿಗಾಲಲ್ಲಿ ನಿಂತು ನೋಡಿ ಗೊತ್ತಾಗುತ್ತೆ. ಬೆಳಿಗ್ಗೆ ಕೆಲಸಕ್ಕೆ ಹೋಗೋರಿಗೆ ಸಂಜೆ ಬಿಟ್ಟು ಬೇರೆ ದಾರಿ ಇಲ್ಲ ಅಂದ್ರೆ ತಾರಸಿ ಬೇಡ, ಮಣ್ಣಿನ ಗ್ರೌಂಡಿಗೆ ಹೋಗಿ.

ಹತ್ತೂವರೆ ಕ್ಲಾಸಿನ ಬಗ್ಗೆ ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ. ಕೆಲವು ವರ್ಷದ ಹಿಂದೆ ಒಂದು ಸಮ್ಮರ್ ಕ್ಯಾಂಪಿಗೆ ಸಹಾಯಕ್ಕೆ ಅಂತ ಹೋಗಿದ್ದೆ, ಯಾರದ್ದು ಎಲ್ಲಿ ಅನ್ನೋದು ಬೇಡ. ತಗಡಿನ ಶೀಟಿನ ಹಾಲು, ನಲವತ್ತು ಮಕ್ಕಳು, ಎರಡು ಫ್ಯಾನು, ಅದರಲ್ಲೂ ಕರೆಂಟ್ ಹೋಗಿತ್ತು. ಹನ್ನೊಂದು ಮುಕ್ಕಾಲಿಗೆ ಮುಂದಿನ ಸಾಲಲ್ಲಿದ್ದ ಆರೆಂಜ್ ಬೆಲ್ಟ್ ಹುಡುಗನ ಬೆಲ್ಟು ಸಡಿಲ ಆಗಿ ಬಿಚ್ಕೊಂತು. ಕಟ್ಕೊಳ್ಳಪ್ಪಾ ಅಂದೆ. ಅವನು ಎರಡು ತುದಿ ಹಿಡ್ಕೊಂಡ, ಬಲಗಡೆದನ್ನ ಎಡದ ಮೇಲೆ ತಂದ, ಕೆಳಗಿಂದ ತೂರಿಸಬೇಕು, ತೂರಿಸ್ಲಿಲ್ಲ, ಮತ್ತೆ ಬಿಟ್ಟ, ಮತ್ತೆ ಹಿಡ್ಕೊಂಡ, ಬೆಲ್ಟಿನ ತುದಿನೇ ನೋಡ್ತಾ ನಿಂತ. ಎರಡು ವರ್ಷದಿಂದ ಕಣ್ಣು ಮುಚ್ಚಿ ಕಟ್ತಿದ್ದ ಗಂಟು ಅದು. ನಾನು ಇವನ ಗಮನ ಎಲ್ಲೋ ಇದೆ ಅಂತ ಗದರಿದೆ. ಇನ್ನೊಂದು ನಿಮಿಷಕ್ಕೆ ಮಂಡಿ ಕುಸಿದು ಕೂತ, ಹೆಸರು ಕೇಳಿದ್ರೆ ತೊದಲ್ತಿದ್ದ, ಮುಖ ಕೆಂಡ. ಹೊರಗೆ ಎತ್ಕೊಂಡು ಹೋಗಿ ಹೊಂಗೆ ಮರದ ಕೆಳಗೆ ಮಲಗಿಸಿ ಡ್ರೆಸ್ ಬಿಚ್ಚಿ ತೊಟ್ಟಿಯಿಂದ ಬಕೆಟ್ ಬಕೆಟ್ ನೀರು ಹುಯ್ದು ರಟ್ಟಲ್ಲಿ ಗಾಳಿ ಹಾಕಿದ್ವಿ, ಆಮೇಲೆ ಆಸ್ಪತ್ರೆ. ಸಂಜೆಗೆ ಮನೆಗೆ ಬಂದ, ಇವತ್ತು ಪಿಯುಸಿ ಓದ್ತಿದಾನೆ, ಚೆನ್ನಾಗಿದಾನೆ. ಆದ್ರೆ ಆ ಬೆಲ್ಟು ಹಿಡಿದು ನಿಂತಿದ್ದ ಕೈ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟುತ್ತೆ, ಅದು ಅಜಾಗರೂಕತೆ ಅಲ್ಲ, ತಲೆಗೆ ಶಾಖ ಏರಿದ್ದರ ಮೊದಲ ಗುರುತು, ನನಗೆ ಗೊತ್ತಿರ್ಲಿಲ್ಲ.

ಅದಕ್ಕೇ ಈಗ ಸೆಖೆ ದಿನ ನಾನು ಮಧ್ಯೆ ಮಧ್ಯೆ ಬೇಕಂತಲೇ ಎಲ್ರಿಗೂ ಬೆಲ್ಟ್ ಬಿಚ್ಚಿ ಕಟ್ಟಿಸ್ತೀನಿ. ಯಾರಾದ್ರೂ ತಡವರಿಸಿದ್ರೆ, ಗೊತ್ತಿರೋ ಕಟಾದಲ್ಲಿ (ಒಬ್ಬರೇ ಕ್ರಮವಾಗಿ ಮಾಡೋ ಪಂಚು ಕಿಕ್ಕುಗಳ ಸರಣಿ) ದಿಕ್ಕು ತಪ್ಪಿದ್ರೆ, ಸುಮ್ ಸುಮ್ನೆ ಸಿಡಿಮಿಡಿ ಮಾಡಿದ್ರೆ, ತಲೆನೋವು ವಾಂತಿ ಬಂದಂಗಾಗುತ್ತೆ ಅಂದ್ರೆ ಅವರು ನೆರಳಿಗೆ, ಆವತ್ತಿಗೆ ಕ್ಲಾಸ್ ಮುಗೀತು. ಮಾತು ತೊದಲಿದ್ರೆ, ಎಚ್ಚರ ತಪ್ಪಿದ್ರೆ 108ಕ್ಕೆ ಫೋನ್ ಮಾಡಿ, ಆದ್ರೆ ಆಂಬುಲೆನ್ಸ್ ಬರಲಿ ಅಂತ ಕೈಕಟ್ಕೊಂಡು ಕೂರಬೇಡಿ, ಮೊದಲು ಮೈ ತಣ್ಣಗೆ ಮಾಡಿ, ನೀರು ಹುಯ್ಯಿರಿ, ಐಸ್ ಸಿಕ್ಕಿದ್ರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರ ಇಲ್ದೋರ ಬಾಯಿಗೆ ನೀರು ಬಿಡಬೇಡಿ, ಶ್ವಾಸಕ್ಕೆ ಹೋಗುತ್ತೆ.

ಜಾಗ: ಗ್ರೌಂಡು, ಹಾಲ್, ಕಾಫಿ ಕಣ

ಮಣ್ಣಿನ ಗ್ರೌಂಡು ಬೆಳಿಗ್ಗೆ ಹೊತ್ತು ಎರಡೂ ಕಾಲಕ್ಕೆ ಚೆನ್ನಾಗಿದೆ, ತೊಂದರೆ ಅಂದ್ರೆ ಕಲ್ಲು, ಗಾಜಿನ ಚೂರು, ಚಳಿಗಾಲದಲ್ಲಿ ಹುಲ್ಲಿನ ಮೇಲೆ ಇಬ್ಬನಿ ಬಿದ್ದು ಜಾರುತ್ತೆ. ಜಾರೋ ಹುಲ್ಲಲ್ಲಿ ರೌಂಡ್ ಕಿಕ್ ಬೇಡ, ನಿಂತ ಕಾಲಿನ ಮಂಡಿ ತಿರುಚುತ್ತೆ.

ಹಾಲ್ ಆರಿಸೋರು ಗೋಡೆ ನೋಡಬೇಡಿ, ಮೇಲೆ ನೋಡಿ. ಹೆಂಚಿನ ಮಾಡು ಇದ್ರೆ ಕಣ್ಣು ಮುಚ್ಕೊಂಡು ಸೇರ್ಸಿ, ಹಳೇ ಹೆಂಚಿನ ಸಮುದಾಯ ಭವನಗಳು ಇದಕ್ಕೆ ಬಂಗಾರ, ಹೆಂಚಿನ ಸಂದಿಲಿ ಬಿಸಿಗಾಳಿ ಹೊರಗೆ ಹೋಗುತ್ತೆ. ಆಮೇಲೆ ಆರ್‌ಸಿಸಿ, ಅದರಲ್ಲೂ ಮೇಲೆ ಇನ್ನೊಂದು ಮಹಡಿ ಇರೋದು. ಕೊನೆಗೆ ಸಿಮೆಂಟ್ ಶೀಟು, ಅದಕ್ಕಿಂತ ಕೊನೆಗೆ ತಗಡು. ಆದ್ರೆ ಅದೇ ತಗಡಿನ ಹಾಲು ಜನವರಿ ಸಂಜೆಗೆ ಪರವಾಗಿಲ್ಲ, ಮಧ್ಯಾಹ್ನದ ಬಿಸಿಲು ಸ್ವಲ್ಪ ಉಳಿದಿರುತ್ತೆ, ಗಾಳಿನೂ ತಡೆಯುತ್ತೆ. ಹಂಗಾಗಿ ಒಂದೇ ಜಾಗ ವರ್ಷವಿಡೀ ಬೆಸ್ಟು ಅನ್ನೋದಿಲ್ಲ.

ನಮ್ಮ ಮಲೆನಾಡಿನೋರಿಗೆ ಮಾತ್ರ ಇರೋ ಇನ್ನೊಂದು ಜಾಗ ಅಂದ್ರೆ ಕಾಫಿ ಕಣ. ತೋಟದ ಮನೆ ಮುಂದಿನ ಆ ಸಿಮೆಂಟ್ ಅಂಗಳದಷ್ಟು ಮಟ್ಟಸವಾದ, ವಿಶಾಲವಾದ ಜಾಗ ಟೌನಲ್ಲಿ ದುಡ್ಡು ಕೊಟ್ರೂ ಸಿಗಲ್ಲ, ತೋಟದ ಮಕ್ಕಳು ಎಷ್ಟೋ ಜನ ಅಲ್ಲೇ ಪ್ರಾಕ್ಟೀಸ್ ಮಾಡೋದು. ಆದ್ರೆ ಇದ್ರಲ್ಲೊಂದು ತೊಡಕಿದೆ ನೋಡಿ. ನವೆಂಬರ್ ಕೊನೆಯಿಂದ ಅರೇಬಿಕಾ, ಆಮೇಲೆ ರೊಬಸ್ಟಾ, ಹೆಚ್ಚುಕಮ್ಮಿ ಮಾರ್ಚ್‌ವರೆಗೆ ಕಣದ ತುಂಬ ಹಣ್ಣು ಹರಡಿರ್ತಾರೆ, ಅಂದ್ರೆ ಚಳಿಗಾಲದ ಹಿತವಾದ ಬಿಸಿಲಿರೋವಾಗ ಕಣ ಖಾಲಿ ಇರಲ್ಲ. ಕಣ ಖಾಲಿ ಆಗೋ ಹೊತ್ತಿಗೆ ಸಿಮೆಂಟು ಹೆಂಚಾಗಿರುತ್ತೆ. ಏಪ್ರಿಲ್‌ನಲ್ಲಿ ಕಣ ಬಳಸೋದಾದ್ರೆ ಏಳೂವರೆ ಒಳಗೆ ಮುಗಿಸಿ, ಅದಾದ್ಮೇಲೆ ಅಂಗಾಲು ಬೊಬ್ಬೆ ಏಳುತ್ತೆ. ಅಂಗೈ ನೆಲಕ್ಕಿಟ್ಟು ಹತ್ತು ಎಣಿಸೋಕಾಗ್ಲಿಲ್ಲ ಅಂದ್ರೆ ಬರಿಗಾಲಲ್ಲಿ ಇಳಿಬೇಡಿ.

ಬಟ್ಟೆ

ಕರಾಟೆ ಡ್ರೆಸ್ಸಿನ ಬಟ್ಟೆ ದಪ್ಪಾನ ಔನ್ಸ್ ಲೆಕ್ಕದಲ್ಲಿ ಹೇಳ್ತಾರೆ. 8 ಔನ್ಸ್ ಅಂದ್ರೆ ತೆಳು, 12-14 ಔನ್ಸ್ ಅಂದ್ರೆ ದಪ್ಪ ಕ್ಯಾನ್ವಾಸು, ಪಂಚ್ ಹೊಡೆದ್ರೆ ಪಟ್ ಅಂತ ಸದ್ದು ಬರೋದು. ಮಕ್ಕಳಿಗೆ ಆ ಸದ್ದಿನ ಆಸೆ, ದೊಡ್ಡೋರಿಗೂ ಇದೆ. ಒಂದೇ ಜೊತೆ ತಗೊಳ್ಳೋಕಾಗೋದು ಅಂದ್ರೆ ತೆಳ್ಳಗಿನ ಕಾಟನ್ನೇ ತಗೊಳ್ಳಿ, ಚಳಿಗೆ ಒಳಗೆ ಒಂದು ಬನಿಯನ್ನೋ ಥರ್ಮಲ್ಲೋ ಹಾಕ್ಕೋಬಹುದು, ದಪ್ಪದನ್ನ ಸೆಖೆಗೆ ತೆಳು ಮಾಡೋಕಾಗಲ್ಲ. ಪೂರ್ತಿ ಪಾಲಿಯೆಸ್ಟರ್ ಇರೋ ಅಗ್ಗದ ಡ್ರೆಸ್ಸು ಮೈಗೆ ಅಂಟ್ಕೊಂಡು ಬೆವರುಗುಳ್ಳೆ ಏಳಿಸುತ್ತೆ. ಏಪ್ರಿಲ್, ಮೇ ಎರಡು ತಿಂಗಳು ಮೇಲೆ ಟೀ ಶರ್ಟ್, ಕೆಳಗೆ ಡ್ರೆಸ್ ಪ್ಯಾಂಟು, ಬೆಲ್ಟು ಅಂತ ನಾನು ಬಿಟ್ಟಿದೀನಿ, ಶಿಸ್ತು ಏನೂ ಕಮ್ಮಿ ಆಗಿಲ್ಲ. ಜೂಡೊ ಮಾಡೋರಿಗೆ ಈ ಅನುಕೂಲ ಇಲ್ಲ, ಹಿಡಿದು ಎಸೆಯೋಕೆ ಆ ದಪ್ಪ ಕೋಟೇ ಬೇಕು, ಅವರು ಟೈಮ್ ಮೇಲೇ ಹಿಡಿತ ಇಟ್ಕೋಬೇಕು.

ಮೈ ಇಳಿಸೋಕೆ ಅಂತ ರೈನ್‌ಕೋಟ್ ಥರದ ಪ್ಲಾಸ್ಟಿಕ್ ಸೂಟ್ ಹಾಕ್ಕೊಂಡು ಬಿಸಿಲಲ್ಲಿ ಓಡೋದು ಕೆಲವು ಹುಡುಗ್ರಲ್ಲಿ ಶುರುವಾಗಿದೆ, ಟೂರ್ನಮೆಂಟ್ ಹತ್ರ ಬಂದ್ರೆ ಒಂದೆರಡು ಕೆಜಿ ಇಳಿಸಿ ಕೆಳಗಿನ ವೆಯ್ಟ್ ಕೆಟಗರಿಗೆ ಹೋಗೋಕೆ. ದಯವಿಟ್ಟು ಬೇಡ. 1997ರ ಕೊನೆಗೆ ಅಮೆರಿಕದಲ್ಲಿ ಮೂರು ಜನ ಕಾಲೇಜ್ ಕುಸ್ತಿ ಹುಡುಗ್ರು ಹಿಂಗೇ ಬೆವರಿಳಿಸಿ ತೂಕ ಇಳಿಸೋಕೆ ಹೋಗಿ ಎರಡು ತಿಂಗಳೊಳಗೆ ಒಬ್ಬರ ಹಿಂದೆ ಒಬ್ಬರು ತೀರ್ಕೊಂಡ್ರು, ಆಮೇಲೆ ಅಲ್ಲಿ ರಬ್ಬರ್ ಸೂಟು, ಹಬೆ ಕೋಣೆ ಎಲ್ಲಾ ನಿಷೇಧ ಮಾಡಿದ್ರು. ಇಳಿಯೋದು ಕೊಬ್ಬಲ್ಲ, ರಕ್ತದಲ್ಲಿರೋ ನೀರು. ಮೇಲಿನ ಕೆಟಗರಿಲೇ ಆಡಿ ಸೋತ್ರೂ ಮುಂದಿನ ವರ್ಷ ಮತ್ತೆ ಆಡಬಹುದು.

ನೀರಾ, ಓಆರ್‌ಎಸ್ಸಾ, ಎಳನೀರಾ

ಒಂದು ಗಂಟೆ ಒಳಗಿನ ಕ್ಲಾಸಿಗೆ ಬರೀ ನೀರು ಸಾಕು. ಹದಿನೈದು ಇಪ್ಪತ್ತು ನಿಮಿಷಕ್ಕೊಂದ್ಸಲ ಒಂದು ಲೋಟದಷ್ಟು, 150ರಿಂದ 200 ಎಂಎಲ್, ಬಾಯಾರಿಕೆ ಆಗ್ಲಿ ಬಿಡ್ಲಿ, ಯಾಕಂದ್ರೆ ಮಕ್ಕಳಿಗೆ ಆಟದ ಅಮಲಲ್ಲಿ ಬಾಯಾರಿಕೆ ಗೊತ್ತೇ ಆಗಲ್ಲ. ಒಂದೂವರೆ ಗಂಟೆ ಮೇಲೆ, ಬೆವರು ಸುರಿದು ಡ್ರೆಸ್ ಮೇಲೆ ಬಿಳಿ ಉಪ್ಪಿನ ಗೆರೆ ಕಂಡ್ರೆ ಉಪ್ಪು ಬೇಕು, ಮೀನಖಂಡ ಹಿಡ್ಕೊಳ್ಳೋರಿಗಂತೂ ಬೇಕೇ ಬೇಕು. ಓಆರ್‌ಎಸ್ ಪ್ಯಾಕೆಟ್ಟು ಒಂದು ಲೀಟರಿಗೆ ಅಂತ ಬರೆದಿದ್ರೆ ಒಂದು ಲೀಟರಿಗೇ ಹಾಕಿ, ಒಂದು ಲೋಟಕ್ಕೆ ಹಾಕಿ ಕುಡಿಸೋರಿದಾರೆ, ಅದು ತಪ್ಪು. ಪ್ಯಾಕೆಟ್ ಇಲ್ಲ ಅಂದ್ರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎಳನೀರು ಒಳ್ಳೇದು, ಆದ್ರೆ ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಬೆವರಲ್ಲಿ ಹೋಗೋ ಸೋಡಿಯಂ ಕಮ್ಮಿ, ಹಂಗಾಗಿ ಜೊತೆಗೆ ಉಪ್ಪಿರೋದು ಏನಾದ್ರೂ ತಿನ್ನಿ. ನನಗೆ ಎಲ್ಲಕ್ಕಿಂತ ಇಷ್ಟ ನೀರು ಮಜ್ಜಿಗೆ, ಉಪ್ಪು ಕೊತ್ತಂಬರಿ ಹಾಕಿದ್ದು, ಆದ್ರೆ ಕ್ಲಾಸ್ ಮುಗಿದ್ಮೇಲೆ, ಮಧ್ಯೆ ಕುಡಿದ್ರೆ ಹೊಟ್ಟೆ ಕುಲುಕುತ್ತೆ. ಬಣ್ಣದ ಕೂಲ್ ಡ್ರಿಂಕ್ಸ್ ಬೇಡ್ವೇ ಬೇಡ.

ಎಷ್ಟು ಕುಡಿಬೇಕು ಅಂತ ಪಕ್ಕಾ ತಿಳ್ಕೋಬೇಕಾದ್ರೆ ಒಂದು ದಿನ ಕ್ಲಾಸಿಗೆ ಮುಂಚೆ, ಆಮೇಲೆ ತೂಕ ನೋಡ್ಕೊಳ್ಳಿ. ಇಳಿದ ಒಂದು ಕೆಜಿ ಅಂದ್ರೆ ಒಂದು ಲೀಟರ್ ನೀರು. ಐವತ್ತು ಕೆಜಿಯವರು ಒಂದು ಕೆಜಿಗಿಂತ ಜಾಸ್ತಿ ಇಳಿದ್ರೆ ಕುಡಿದಿದ್ದು ಸಾಲದು ಅಂತ. ತೂಕ ಏರಿದ್ರೆ ಅತಿಯಾಗಿ ಕುಡಿದಿದೀರ, ಅದೂ ಒಳ್ಳೇದಲ್ಲ.

ಚಳಿಗಾಲಕ್ಕೆ ಬರೋಣ

ಚಳಿಲಿ ಅಪಾಯ ಇರೋದು ಮೊದಲ ಹದಿನೈದು ನಿಮಿಷ ಮತ್ತೆ ಕೊನೆಯ ಹತ್ತು ನಿಮಿಷ. ಮಧ್ಯದ್ದು ಸ್ವರ್ಗ, ವರ್ಷದಲ್ಲಿ ಅತೀ ಚೆನ್ನಾಗಿ ಅಭ್ಯಾಸ ಆಗೋದೇ ಆವಾಗ, ಬಾಯಿಂದ ಹೊಗೆ ಬರ್ತಿರುತ್ತೆ, ಕಾಲು ಹಗುರ, ಸುಸ್ತೇ ಆಗಲ್ಲ. ಮೊದಲ ಹದಿನೈದು ನಿಮಿಷದಲ್ಲಿ ಮಾಂಸಖಂಡ ಬಿಗಿದಿರುತ್ತೆ, ಬೆರಳು ಮರಗಟ್ಟಿರುತ್ತೆ, ಆವಾಗ ಹೈ ಕಿಕ್ ಎತ್ತಿದ್ರೆ ತೊಡೆ ಹಿಂದೆ ಚಟ್ ಅನ್ನುತ್ತೆ. ನನಗೇ ಆಗಿದೆ, ಇಪ್ಪತ್ತನೇ ವಯಸ್ಸಲ್ಲಿ, ಡಿಸೆಂಬರ್ ಬೆಳಿಗ್ಗೆ ತಡವಾಗಿ ಹೋಗಿ ವಾರ್ಮಪ್ ಬಿಟ್ಟು ನೇರ ಕಿಕ್ಕಿಗೆ ನಿಂತೆ, ಐದು ವಾರ ಮೆಟ್ಟಿಲು ಹತ್ತೋಕೆ ಪಕ್ಕದ ಕಂಬಿ ಹಿಡ್ಕೋಬೇಕಾಯ್ತು. ಬೇಸಿಗೆಲಿ ಏಳೆಂಟು ನಿಮಿಷದ ವಾರ್ಮಪ್ ಸಾಕಾದ್ರೆ ಚಳಿಗೆ ಹದಿನೈದು ಇಪ್ಪತ್ತು ಬೇಕು. ಅದೂ ನಿಂತಲ್ಲೇ ಕಾಲು ಚಾಚಿ ಎಳೆಯೋದಲ್ಲ, ಓಡೋದು, ಹಗ್ಗ ಆಡೋದು, ಬಸ್ಕಿ, ಕಾಲು ಬೀಸೋದು, ಮೊಣಕಾಲೆತ್ತರದ ಕಿಕ್ಕಿಂದ ಶುರು ಮಾಡಿ ಮೆಲ್ಲಗೆ ಮೇಲೆ. ಹಿಡಿದು ಎಳೆಯೋ ಸ್ಟ್ರೆಚಿಂಗು ಕೊನೆಗೆ, ಮೈ ಬಿಸಿ ಇರೋವಾಗ.

ಬೆಳಿಗ್ಗೆನಾ ಸಂಜೆನಾ ಅಂದ್ರೆ, ದೊಡ್ಡೋರಿಗೆ ಎರಡೂ ಆಗುತ್ತೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಡಿಸೆಂಬರ್, ಜನವರಿ ಸಂಜೆ ಐದರ ಕ್ಲಾಸೇ ಸರಿ, ಯಾಕಂದ್ರೆ ಜನವರಿಲಿ ನಮ್ಮಲ್ಲಿ ಸೂರ್ಯ ಹುಟ್ಟೋದೇ ಹತ್ತತ್ರ ಏಳಕ್ಕೆ, ಐದೂವರೆಗೆ ಕತ್ತಲು, ಮಂಜು, ಸ್ಕೂಟರ್ ಹಿಂದೆ ಕೂತು ಬರೋವಾಗಲೇ ಮಗು ಮರಗಟ್ಟಿರುತ್ತೆ. ಕ್ಲಾಸಿನ ಚಳಿಗಿಂತ ಆ ಸ್ಕೂಟರಿನ ಚಳಿನೇ ಜಾಸ್ತಿ, ಕಿವಿ ಮುಚ್ಚೋ ಟೋಪಿ, ಸ್ವೆಟರ್, ಸಾಕ್ಸ್ ಹಾಕಿ ಕರ್ಕೊಂಡು ಬನ್ನಿ, ಇಲ್ಲಿ ಒಂದೊಂದಾಗಿ ಬಿಚ್ಚಿಸ್ತೀವಿ. ಬಿಡಿಸೋದೇನೂ ಬೇಡ. ಶೀತ ಬರೋದು ವೈರಸ್ಸಿಂದ, ಬೆಳಿಗ್ಗೆ ಬೆವರು ಬಂದಿದ್ದಕ್ಕಲ್ಲ.

ವೀಸಿಂಗ್ ಇರೋ ಮಕ್ಕಳ ವಿಷಯ ಬೇರೆ. ತಣ್ಣನೆ ಒಣಗಾಳಿಲಿ ಜೋರಾಗಿ ಉಸಿರಾಡಿದ್ರೆ ಶ್ವಾಸನಾಳ ಬಿಗಿಯುತ್ತೆ, ಅಂಥೋರಿಗೆ ಚಳಿಗಾಲದಲ್ಲಿ ಬೆಳಗಿನ ಗ್ರೌಂಡು ಬೇಡ, ಸಂಜೆ ಹೊತ್ತು ಹಾಲ್ ಒಳಗಿನ ಕ್ಲಾಸು ಆರಿಸಿ, ಡಾಕ್ಟ್ರು ಇನ್‌ಹೇಲರ್ ಕೊಟ್ಟಿದ್ರೆ ಬ್ಯಾಗಲ್ಲೇ ಇರ್ಲಿ, ಮಾಸ್ಟ್ರಿಗೂ ಹೇಳಿರಿ. ಮುಚ್ಚಿಡೋ ಅಪ್ಪ ಅಮ್ಮ ಇದಾರೆ, ಮಗೂನ ಸೇರಿಸ್ಕೊಳ್ಳಲ್ವೇನೋ ಅಂತ. ಸೇರಿಸ್ಕೊಳ್ತೀವಿ, ಹೇಳಿ.

ನೆಲದ ಆಯ್ಕೆ ಚಳಿಗೆ ಮುಖ್ಯ. ರೆಡ್ ಆಕ್ಸೈಡ್ ನೆಲ, ಗ್ರಾನೈಟ್ ನೆಲ ಕಾಲಿನ ಶಾಖ ಹೀರಿಬಿಡುತ್ತೆ, ನಿಂತು ಎತ್ತಿದ ಪಾದದ ಗುರುತು ಹಬೆ ಕಟ್ಟಿದಂಗೆ ಒಂದು ಕ್ಷಣ ಕಂಡು ಮಾಯ ಆಗುತ್ತೆ, ಮಕ್ಕಳು ಅದನ್ನೇ ಆಟ ಮಾಡ್ಕೊಳ್ತಾರೆ. ಫೋಮ್ ಮ್ಯಾಟ್ ಇರೋ ಕ್ಲಾಸ್ ಇದ್ರೆ ಚಳಿಗಾಲಕ್ಕೆ ಅದೇ ಆರಿಸಿ, ಬೀಳೋ ಪೆಟ್ಟಿಗೂ ತಣ್ಣಗಿನ ನೆಲಕ್ಕೂ ಎರಡಕ್ಕೂ ಆಯ್ತು. ಸ್ಪಾರಿಂಗ್ ಪೆಟ್ಟು, ಅಂದ್ರೆ ಇಬ್ಬರು ಎದುರುಬದುರು ನಿಂತು ಆಡೋವಾಗ ಬೀಳೋದು, ಚಳಿಲಿ ಜಾಸ್ತಿ ಚುರುಗುಟ್ಟುತ್ತೆ, ಕಾಲ್ಬೆರಳು ಎದುರಿನವರ ಮೊಣಕೈಗೆ ತಾಗಿದ್ರಂತೂ ಜೀವ ಹೋದಂಗಾಗುತ್ತೆ, ಪಾದ ಮುಚ್ಚೋ ಪ್ಯಾಡ್ ಇರ್ಲಿ.

ಕೊನೆಯ ಹತ್ತು ನಿಮಿಷ ಅಂದ್ನಲ್ಲ, ಅದು ಒದ್ದೆ ಬಟ್ಟೆ. ಬೆವರಲ್ಲಿ ನೆಂದ ಕಾಟನ್ನು ಗಾಳಿಗೆ ನಿಂತ್ರೆ ಮೈ ಶಾಖನೆಲ್ಲಾ ಎಳ್ಕೊಂಡು ಬಿಡುತ್ತೆ. ಮುಳ್ಳಯ್ಯನಗಿರಿಗೆ ಹೋಗಿ ಮೇಲೆ ಕಟಾ ಮಾಡಿ ಫೋಟೋ ತೆಗೆಸ್ಕೊಳ್ಳೋದು ಈಗ ಎಲ್ಲ ಕ್ಲಾಸಿನೋರೂ ಮಾಡ್ತಾರೆ, ನಾವೂ ಮಾಡಿದೀವಿ. ಮೆಟ್ಟಿಲು ಹತ್ತಿ ಬೆವೆತು ಆ ಗಾಳಿಲಿ ಇಪ್ಪತ್ತು ನಿಮಿಷ ಫೋಟೋಗೆ ನಿಂತ್ರೆ ಹುಡುಗ್ರ ತುಟಿ ನೀಲಿ ಆಗೋಕೆ ಶುರುವಾಗುತ್ತೆ. ಒಣಗಿದ ಬನಿಯನ್ನು, ಒಂದು ಜರ್ಕಿನ್ ಬ್ಯಾಗಲ್ಲಿ ಇಟ್ಕೊಂಡು ಹೋಗಿ, ಮೇಲೆ ಹೋದ ತಕ್ಷಣ ಬದಲಾಯಿಸಿ, ಕಟಾ ಮೊದಲು, ಫೋಟೋ ಆಮೇಲೆ ಜರ್ಕಿನ್ ಹಾಕ್ಕೊಂಡೇ. ನೀರು ಚಳಿಲೂ ಕುಡಿಬೇಕು, ಉಗುರು ಬೆಚ್ಚಗಿರ್ಲಿ.

ಮಳೆಗಾಲದ್ದು ಒಂದೇ ಮಾತು: ಎರಡು ಜೊತೆ ಡ್ರೆಸ್ ಇಟ್ಕೊಳ್ಳಿ. ಜಡಿಮಳೆಲಿ ಒಂದು ಜೊತೆ ಮೂರು ದಿನ ಆದ್ರೂ ಒಣಗಲ್ಲ, ಹಸಿ ಡ್ರೆಸ್ ಹಾಕ್ಕೊಂಡು ಹುಳಕಡ್ಡಿ ಆಗೋದೇ ಜಾಸ್ತಿ.

ಯಾವ ವಿದ್ಯೆ ಯಾವ ಹವಾಕ್ಕೆ

ಇನ್ನೂ ಯಾವುದಕ್ಕೂ ಸೇರಿಲ್ಲ, ಕರಾಟೆನಾ ಟೇಕ್ವಾಂಡೋನಾ ಕಳರಿನಾ ಕುಸ್ತಿನಾ ಅಂತ ನೋಡ್ತಿರೋರಿಗೆ ಹವಾ ಮಟ್ಟಿಗೆ ಹೇಳ್ತೀನಿ. ನಮ್ಮ ಹಿರಿಯರ ಗರಡಿ ಮನೆ ಕಟ್ಟಿದ್ದೇ ನೋಡಿ, ದಪ್ಪ ಮಣ್ಣಿನ ಗೋಡೆ, ತಗ್ಗಿದ ಬಾಗಿಲು, ಒಳಗೆ ಎಣ್ಣೆ ಅರಿಶಿನ ಮಜ್ಜಿಗೆ ಹಾಕಿ ಹದ ಮಾಡಿದ ಕೆಮ್ಮಣ್ಣು. ಹೊರಗೆ ಬಿಸಿಲಿದ್ರೂ ಒಳಗೆ ತಂಪು, ಚಳಿಲಿ ಗಾಳಿ ನುಗ್ಗಲ್ಲ, ಲಂಗೋಟಿ ಒಂದೇ ಬಟ್ಟೆ ಆದ್ರಿಂದ ಬೆವರು ಆರೋಕೂ ಸಲೀಸು. ಮೈಸೂರು ಕಡೆ ಇನ್ನೂ ಗರಡಿಗಳಿವೆ, ಒಂದ್ಸಲ ಒಳಗೆ ಹೋಗಿ ನಿಂತು ನೋಡಿ. ಕೇರಳದ ಕಳರಿನೂ ಹಂಗೇ, ನೆಲ ಅಗೆದು ತಗ್ಗಲ್ಲಿ ಕಟ್ಟೋದು, 42 ಅಡಿ ಉದ್ದ 21 ಅಡಿ ಅಗಲ. ಎಣ್ಣೆ ಹಚ್ಚಿ ಉಜ್ಜೋ ಚಿಕಿತ್ಸೆಗೆ ಅವರು ಆರಿಸ್ಕೊಂಡಿರೋದು ಮಳೆಗಾಲದ ಕರ್ಕಾಟಕ ಮಾಸ, ಬಿರುಬೇಸಿಗೆ ಅಲ್ಲ. ಹವಾ ನೋಡ್ಕೊಂಡು ಅಭ್ಯಾಸ ಮಾಡೋದು ಹೇಡಿತನ ಅನ್ನೋರಿಗೆ ಇವೆರಡನ್ನ ತೋರಿಸ್ತೀನಿ ನಾನು.

ಕರಾಟೆ, ಟೇಕ್ವಾಂಡೋ ಎರಡಕ್ಕೂ ಬಟ್ಟೆ ಮೈತುಂಬ, ಆದ್ರೆ ಒಬ್ಬರನ್ನೊಬ್ಬರು ಅಪ್ಪಿ ಹಿಡಿಯೋದು ಕಮ್ಮಿ, ಹಂಗಾಗಿ ಸೆಖೆ ಸಹಿಸೋಕೆ ಜೂಡೊಗಿಂತ ಸುಲಭ. ಚಳಿಗೆ ಟೇಕ್ವಾಂಡೋದ ತಲೆ ಮಟ್ಟದ ಕಿಕ್ಕುಗಳು ಜಾಸ್ತಿ ವಾರ್ಮಪ್ ಕೇಳ್ತವೆ, ಜೂಡೊ ಕುಸ್ತಿ ಬೇಗ ಮೈ ಕಾಯಿಸ್ತವೆ. ಕಡೂರು, ತರೀಕೆರೆ, ಅರಸೀಕೆರೆ ಕಡೆಯೋರು ಹಗುರ ಬಟ್ಟೆದು ನೋಡಿ, ಕೊಪ್ಪ ಶೃಂಗೇರಿಯೋರಿಗೆ ಯಾವುದಾದ್ರೂ ನಡಿಯುತ್ತೆ, ಹಾಲ್ ಒಂದು ಇದ್ರೆ ಸಾಕು.

ಸೇರೋದು ಯಾವಾಗ ಅನ್ನೋ ಆ ಮಾರ್ಚ್ ಪ್ರಶ್ನೆಗೆ ಬಂದ್ರೆ, ನಾನು ದಸರಾ ರಜ ಮುಗಿದ ಮೇಲೆ ಅಕ್ಟೋಬರ್ ಕೊನೆಗೆ ಸೇರ್ಸಿ ಅಂತೀನಿ. ಮಳೆ ಬಿಟ್ಟಿರುತ್ತೆ, ಚಳಿ ಮೆಲ್ಲಗೆ ಏರುತ್ತೆ, ಅದರ ಜೊತೆಗೇ ವಾರ್ಮಪ್ ಮಾಡೋ ಅಭ್ಯಾಸ ಕೂರುತ್ತೆ, ಆಮೇಲೆ ಫೆಬ್ರವರಿಯಿಂದ ಬಿಸಿಲು ಏರೋದಕ್ಕೂ ಮೈ ತಾನಾಗೇ ಒಗ್ಗಿಕೊಳ್ಳುತ್ತೆ. ಸೆಖೆಗೆ ಮೈ ಒಗ್ಗೋಕೆ ಹತ್ತರಿಂದ ಹದಿನಾಲ್ಕು ದಿನ ಬೇಕು, ಇಪ್ಪತ್ತು ದಿನದ ಸಮ್ಮರ್ ಕ್ಯಾಂಪಲ್ಲಿ ಒಗ್ಗೋ ಹೊತ್ತಿಗೆ ಕ್ಯಾಂಪೇ ಮುಗಿಯೋಕೆ ಬಂದಿರುತ್ತೆ. ರಜಕ್ಕೇ ಸೇರಿಸಬೇಕು ಅಂದ್ರೆ ಮೊದಲ ವಾರ ಅರ್ಧ ಗಂಟೆ ಮಾತ್ರ ಬಿಡಿ, ಆಮೇಲೆ ಮುಕ್ಕಾಲು, ಆಮೇಲೆ ಒಂದು ಗಂಟೆ.

ದುಡ್ಡು ಕಟ್ಟೋಕೆ ಮುಂಚೆ ಒಂದು ದಿನ ಕ್ಲಾಸ್ ನಡೆಯೋ ಹೊತ್ತಿಗೇ ಹೋಗಿ, ಸಂಜೆ ಆಫೀಸ್ ಟೈಮಿಗಲ್ಲ. ಹಾಲೊಳಗೆ ಹತ್ತು ನಿಮಿಷ ಸುಮ್ನೆ ನಿಂತ್ಕೊಳ್ಳಿ, ಕಿಟಕಿ ತೆರೆದಿದ್ಯಾ, ಮೂಲೆಲಿ ನೀರಿನ ಕ್ಯಾನ್ ಇದ್ಯಾ, ಬಕೆಟ್ ಇದ್ಯಾ ನೋಡಿ. ನೀರಿಗೆ ಎಷ್ಟು ಹೊತ್ತಿಗೊಂದ್ಸಲ ಬಿಡ್ತೀರಾ ಅಂತ ಮಾಸ್ಟ್ರನ್ನ ಕೇಳಿ. "ಮಧ್ಯದಲ್ಲಿ ನೀರು ಕೊಡಲ್ಲ, ಅದು ಶಿಸ್ತು" ಅಂದ್ರೆ ಮಗು ಕೈ ಹಿಡ್ಕೊಂಡು ಚಪ್ಪಲಿ ಮೆಟ್ಕೊಂಡು ವಾಪಸ್ ಬನ್ನಿ.